ಸೃಷ್ಟಿ, ಸ್ಥಿತಿ, ಲಯ ಮತ್ತು ಲೆಕ್ಕಪತ್ರ

2025ರ ಮಾರ್ಚ್‌ನಲ್ಲಿ ಮಾರ್ವೆಲ್ ಸ್ಟುಡಿಯೋಸ್ ಜಗತ್ತಿಗೆ ಕುರ್ಚಿ ತೋರಿಸಿತು. ಶೂಟಿಂಗ್ ಸೆಟ್ಟಿನಲ್ಲಿ ನಟರು ಕೂರುವ, ಬೆನ್ನಿನ ಬಟ್ಟೆಯ ಮೇಲೆ ಹೆಸರು ಬರೆದಿರುವ ಕುರ್ಚಿ. ಕ್ಯಾಮೆರಾ ಅದರ ಬೆನ್ನು ನೋಡುತ್ತಾ ನಿಂತೇ ಇರುತ್ತದೆ. ಸುಮಾರು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಇನ್ನೊಂದು ಕುರ್ಚಿ. ಹೀಗೆ ಐದು ಗಂಟೆಗೂ ಮೀರಿ, ಒಟ್ಟು 27 ಹೆಸರು. ‘ಅವೆಂಜರ್ಸ್: ಡೂಮ್ಸ್‌ಡೇ’ ಚಿತ್ರದ ತಾರಾಗಣವನ್ನು ಪ್ರಕಟಿಸಿದ ಬಗೆ ಇದು. ಚಿತ್ರದ ಒಂದು ದೃಶ್ಯವನ್ನೂ ತೋರಿಸಲಿಲ್ಲ; ಜನ ಕದಲದೆ ಕೂತು ನೋಡಿದರು. ನಮ್ಮ ರಾಜಕೀಯದಲ್ಲಿ ಕುರ್ಚಿಯೊಂದು ಐದು ನಿಮಿಷ ಖಾಲಿ ಉಳಿದರೆ ಹೆಚ್ಚು. ಇವು ಐದು ಗಂಟೆ ಉಳಿದವು!

ಸೂಪರ್‌ಹೀರೊ ಸ್ಟುಡಿಯೊಗಳ ಕಸುಬು ಸಿನಿಮಾ ಮಾಡುವುದು ಎಂದು ನಂಬಿಕೊಂಡವರು ಮಾತ್ರ ಇದನ್ನು ನೋಡಿ ನಕ್ಕರು. ಆ ಕಾಲ ಹೋಯಿತು. ಈಗ ಅವು ‘ಯೂನಿವರ್ಸ್’ ನಡೆಸುತ್ತವೆ. ನಮ್ಮ ಪುರಾಣಗಳಲ್ಲಿ ಬ್ರಹ್ಮಾಂಡ ನಡೆಸುವ ಕೆಲಸಕ್ಕೆ ಮೂವರಿದ್ದರು: ಸೃಷ್ಟಿಗೊಬ್ಬ, ಸ್ಥಿತಿಗೊಬ್ಬ, ಲಯಕ್ಕೊಬ್ಬ. ಹಾಲಿವುಡ್‌ನಲ್ಲಿ ಮೂರೂ ಖಾತೆ ಒಬ್ಬನ ಬಳಿಯೇ ಇವೆ. ಅವನಿಗೆ ನಾಲ್ಕು ತಲೆಯೂ ಇಲ್ಲ, ಮೂರನೇ ಕಣ್ಣೂ ಇಲ್ಲ. ಅವನು ಕೂರುವುದು ಲೆಕ್ಕಪತ್ರ ವಿಭಾಗದಲ್ಲಿ.

ಇದು ನಿಂದೆಯಲ್ಲ, ಚರಿತ್ರೆ. ಮಾರ್ವೆಲ್ ಸ್ವಂತವಾಗಿ ಸಿನಿಮಾ ಮಾಡಲು ಹೊರಟಾಗ ಸ್ಪೈಡರ್‌ಮ್ಯಾನ್ ಆಗಲೇ ಸೋನಿಯ ಪಾಲಾಗಿದ್ದ, ಎಕ್ಸ್‌ಮೆನ್ ಫಾಕ್ಸ್‌ನ ಪಾಲಾಗಿದ್ದರು. ಮನೆಯಲ್ಲಿ ಉಳಿದವರಲ್ಲಿ ಕ್ಯಾಪ್ಟನ್ ಅಮೆರಿಕ, ಬ್ಲ್ಯಾಕ್ ಪ್ಯಾಂಥರ್, ಡಾಕ್ಟರ್ ಸ್ಟ್ರೇಂಜ್ ಮೊದಲಾದವರ ಚಿತ್ರಹಕ್ಕನ್ನು ಅಡ ಇಟ್ಟು 2005ರಲ್ಲಿ ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರ್ ಸಾಲ ಎತ್ತಿತು. ಲೋಕರಕ್ಷಕರು ಮೊಟ್ಟಮೊದಲು ಎದುರಿಸಿದ ಶತ್ರು ಬಡ್ಡಿ. 2008ರ ‘ಐರನ್ ಮ್ಯಾನ್’ ಗೆದ್ದಿತು. ಮರುವರ್ಷವೇ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡುಕೊಂಡಿತು. 2012ರ ‘ದಿ ಅವೆಂಜರ್ಸ್’ 150 ಕೋಟಿ ಡಾಲರ್ ದಾಟಿದ ದಿನ, ಊರಿನಲ್ಲಿದ್ದ ಪ್ರತಿ ಸ್ಟುಡಿಯೊಗೂ ತನಗೊಂದು ಬ್ರಹ್ಮಾಂಡ ಇಲ್ಲವಲ್ಲ ಎಂಬ ಕೊರಗು ಹತ್ತಿಕೊಂಡಿತು.

ಮೊದಲು ಸೃಷ್ಟಿ. ಮಾರ್ವೆಲ್ ಐದು ಸಿನಿಮಾ ಮಾಡಿ, ನಾಲ್ಕು ವರ್ಷ ಕಾದು, ಆಮೇಲೆ ನಾಯಕರನ್ನೆಲ್ಲ ಒಂದೇ ಚಿತ್ರದಲ್ಲಿ ಸೇರಿಸಿತ್ತು. ಆ ಐದು ಸಿನಿಮಾಗಳ ತಾಪತ್ರಯವೇ ಬೇಡ ಎಂದು ತೀರ್ಮಾನಿಸಿದ್ದು ಯೂನಿವರ್ಸಲ್. ತನ್ನ ಹಳೆಯ ಭೂತಪ್ರೇತಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ‘ಡಾರ್ಕ್ ಯೂನಿವರ್ಸ್’ ಘೋಷಿಸಿತು. ಅದಕ್ಕೊಂದು ಲೋಗೊ, ಲೋಗೊಗೆ ಡ್ಯಾನಿ ಎಲ್ಫ್‌ಮನ್ ಸಂಗೀತ, ಟಾಮ್ ಕ್ರೂಸ್, ರಸೆಲ್ ಕ್ರೋ, ಜಾನಿ ಡೆಪ್, ಹಾವಿಯರ್ ಬಾರ್ಡೆಮ್ ಎಲ್ಲ ನಿಂತಿರುವ ಗ್ರೂಪ್ ಫೋಟೊ. ಮೊದಲ ಚಿತ್ರ ‘ದಿ ಮಮ್ಮಿ’ ಬಂತು, ಮಗುಚಿಕೊಂಡಿತು. ಎರಡನೆಯದು ಬರಲೇ ಇಲ್ಲ. ಡೆಪ್‌ಗೆ ಹಂಚಿದ್ದು ಅದೃಶ್ಯ ಮನುಷ್ಯನ ಪಾತ್ರ. ಆ ಪಾತ್ರದಲ್ಲಿ ಅವರು ಕೊನೆಗೂ ಯಾರ ಕಣ್ಣಿಗೂ ಬೀಳಲಿಲ್ಲ. ಪಾತ್ರಕ್ಕೆ ಇಷ್ಟು ನಿಷ್ಠೆ ತೋರಿದ ನಟ ಇನ್ನೊಬ್ಬನಿಲ್ಲ.

ಗುರುವೂ ಈ ರೋಗದಿಂದ ತಪ್ಪಿಸಿಕೊಳ್ಳಲಿಲ್ಲ. 2019ರ ಕಾಮಿಕ್ ಕಾನ್ ವೇದಿಕೆಗೆ ಮಹರ್ಷಲಾ ಅಲಿಯನ್ನು ಕರೆದು, ರಕ್ತಪಿಶಾಚಿಗಳ ಬೇಟೆಗಾರ ‘ಬ್ಲೇಡ್’ ಇವರೇ ಎಂದು ಮಾರ್ವೆಲ್ ಸಾರಿತು. ಅಭಿಮಾನಿಗಳು ಚಪ್ಪಾಳೆ ತಟ್ಟಿದರು. ನಂತರ ಒಬ್ಬ ನಿರ್ದೇಶಕ ಹೋದರು, ಇನ್ನೊಬ್ಬರು ಬಂದರು, ಅವರೂ ಹೋದರು. ಬಿಡುಗಡೆಯ ದಿನಾಂಕ ಮುಂದಕ್ಕೆ, ಮತ್ತೂ ಮುಂದಕ್ಕೆ ಹೋಗಿ ಕೊನೆಗೆ ಪಟ್ಟಿಯಿಂದಲೇ ಮಾಯವಾಯಿತು. ಕಥೆ 1920ರ ದಶಕದಲ್ಲಿ ನಡೆಯುತ್ತದೆ ಎಂದು ಒಂದು ಹಂತದಲ್ಲಿ ಅಂದುಕೊಂಡಿದ್ದರಿಂದ ವಸ್ತ್ರವಿನ್ಯಾಸಕಿ ರೂತ್ ಕಾರ್ಟರ್ ಆ ಕಾಲದ ಉಡುಪುಗಳನ್ನು ಸಿದ್ಧಪಡಿಸಿದ್ದರು. ಆ ಉಡುಪುಗಳು ಕೊನೆಗೆ 2025ರ ‘ಸಿನ್ನರ್ಸ್’ ಚಿತ್ರಕ್ಕೆ ಬಳಕೆಯಾದವು. ಅದೂ ರಕ್ತಪಿಶಾಚಿಗಳ ಸಿನಿಮಾವೇ, ಬೇರೆ ಸ್ಟುಡಿಯೊದ್ದು. ಬ್ಲೇಡ್‌ನ ಬಟ್ಟೆಗಳಿಗೆ ಸಿಕ್ಕ ಚಾನ್ಸ್ ಬ್ಲೇಡ್‌ಗೆ ಸಿಗಲಿಲ್ಲ.

ಇನ್ನು ಸ್ಥಿತಿ. ಬ್ರಹ್ಮಾಂಡವೆಂದ ಮೇಲೆ ಎಲ್ಲಕ್ಕೂ ಎಲ್ಲದರ ನಂಟಿರಬೇಕು. 2023ರ ‘ದಿ ಮಾರ್ವೆಲ್ಸ್’ ಚಿತ್ರದ ಮೂವರು ನಾಯಕಿಯರು ಯಾರೆಂದು ತಿಳಿಯಬೇಕಾದರೆ ಒಂದು ಸಿನಿಮಾ, ಎರಡು ವೆಬ್ ಸರಣಿ ಮೊದಲೇ ನೋಡಿರಬೇಕಿತ್ತು. ದುಡ್ಡು ಕೊಟ್ಟು ಟಿಕೆಟ್ ಕೊಂಡವನ ಹತ್ತಿರ ‘ನಿಮ್ಮ ಅರ್ಹತೆ ಏನು?’ ಎಂದು ಕೇಳಿದ ಮನರಂಜನೆ ಅದು. ಜನ ತಮಗೆ ಅರ್ಹತೆಯಿಲ್ಲ ಎಂದು ವಿನಯದಿಂದ ಒಪ್ಪಿಕೊಂಡು ಮನೆಯಲ್ಲೇ ಉಳಿದರು. ಮಾರ್ವೆಲ್ ಯೂನಿವರ್ಸ್‌ನಲ್ಲೇ ಅತಿ ಕಡಿಮೆ ಗಳಿಕೆಯ ಚಿತ್ರವಾಯಿತು ಅದು. ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಕಾರಣ ಹುಡುಕಿದರು: ಸೆಟ್‌ನಲ್ಲಿ ಅಧಿಕಾರಿಗಳ ಉಸ್ತುವಾರಿ ಸಾಲದಾಯಿತಂತೆ. ಸಿನಿಮಾ ಕೆಟ್ಟಿದ್ದು ಮ್ಯಾನೇಜರ್‌ಗಳು ಕಡಿಮೆಯಾಗಿ ಎಂದು ಒಬ್ಬ ಮ್ಯಾನೇಜರ್ ಕಂಡುಹಿಡಿದರು. ರೋಗಿಯೂ ತಾನೇ, ವೈದ್ಯನೂ ತಾನೇ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ಸ್ವಂತ ವಿಎಫ್‌ಎಕ್ಸ್ ಕೆಲಸಗಾರರಲ್ಲಿ ಮತ ಹಾಕಿದವರೆಲ್ಲರೂ ಕಾರ್ಮಿಕ ಸಂಘದ ಪರವೇ ನಿಂತರು. ಪರದೆಯ ಮೇಲೆ ನಗರಗಳನ್ನು ಉರುಳಿಸಿ, ಆಕಾಶ ಸೀಳಿ, ಮತ್ತೆ ಹೊಲಿಯುವವರು ಇವರೇ. ನ್ಯಾಯವಾದ ಕೆಲಸದ ಹೊತ್ತಿಗಾಗಿ ಇವರು ಸಂಘ ಕಟ್ಟಬೇಕಾದಾಗ ಯಾವ ಅವೆಂಜರನೂ ಹಾರಿ ಬರಲಿಲ್ಲ. ಅವನನ್ನು ಹಾರಿಸುವವರೇ ಇವರಲ್ಲವೇ?

ಎದುರು ಪಾಳಯ ವಾರ್ನರ್ ಬ್ರದರ್ಸ್‌ದು. ಅಲ್ಲಿಯ ಸೂಪರ್‌ಮ್ಯಾನ್‌ಗೆ ಬಂದ ಕಷ್ಟ ಕ್ರಿಪ್ಟೊನೈಟಿನಿಂದಲ್ಲ, ಮೀಸೆಯಿಂದ. ‘ಜಸ್ಟಿಸ್ ಲೀಗ್’ ಮರುಚಿತ್ರೀಕರಣಕ್ಕೆ ಕರೆದಾಗ ಹೆನ್ರಿ ಕ್ಯಾವಿಲ್ ಪ್ಯಾರಾಮೌಂಟ್‌ನ ‘ಮಿಷನ್: ಇಂಪಾಸಿಬಲ್’ಗಾಗಿ ಮೀಸೆ ಬಿಟ್ಟಿದ್ದರು. ಬೋಳಿಸಲು ಪ್ಯಾರಾಮೌಂಟ್ ಒಪ್ಪಲಿಲ್ಲ. ಕೊನೆಗೆ ಮೀಸೆ ತೆಗೆದದ್ದು ಕಂಪ್ಯೂಟರ್. ಪರದೆಯ ಮೇಲೆ ಕಾಣಿಸಿದ್ದು ರಬ್ಬರಿನಿಂದ ಮಾಡಿದಂಥ ಮೇಲ್ದುಟಿ. ಗುಂಡು ತಾಗದ ವೀರನಿಗೆ ಕ್ಷೌರಕ್ಕೆ ಇನ್ನೊಂದು ಕಂಪನಿಯ ಪರವಾನಗಿ ಬೇಕಾಯಿತು. ಅದೂ ಸಿಗಲಿಲ್ಲ.

ಲಯದ ವಿಷಯದಲ್ಲಂತೂ ವಾರ್ನರ್ ಅಗ್ರಗಣ್ಯ. 2022ರ ಆಗಸ್ಟ್. ‘ಬ್ಯಾಟ್‌ಗರ್ಲ್’ ಚಿತ್ರೀಕರಣ ಮುಗಿದಿತ್ತು, ಸಂಕಲನ ನಡೆಯುತ್ತಿತ್ತು, ಸುಮಾರು 9 ಕೋಟಿ ಡಾಲರ್ ಖರ್ಚಾಗಿತ್ತು. ಅಷ್ಟರಲ್ಲಿ ಕಂಪನಿ ಡಿಸ್ಕವರಿ ಜೊತೆ ವಿಲೀನವಾಗಿ ಹೊಸ ಯಜಮಾನರು ಬಂದಿದ್ದರು. ಬಿಡುಗಡೆ ಮಾಡುವುದಕ್ಕಿಂತ ನಷ್ಟವೆಂದು ಬರೆದು ತೆರಿಗೆ ಉಳಿಸುವುದೇ ಲಾಭ ಎಂದು ಲೆಕ್ಕ ಹೇಳಿತು. ಸಿನಿಮಾ ಸತ್ತಿತು. ಸುದ್ದಿ ತಿಳಿದ ನಿರ್ದೇಶಕರಿಬ್ಬರು ಫೋನಿನಲ್ಲಾದರೂ ನಕಲು ತೆಗೆದಿಟ್ಟುಕೊಳ್ಳೋಣವೆಂದು ಸರ್ವರ್ ತೆರೆದರೆ, ಅಲ್ಲಿ ಏನೂ ಇರಲಿಲ್ಲ. ಖಳನಾಯಕ ಇಡೀ ಸಿನಿಮಾ ಹೆಣಗಿದರೂ ನಾಯಕಿಯ ಕೂದಲು ಕೊಂಕುವುದಿಲ್ಲ. ಜಮಾ-ಖರ್ಚಿನ ಒಂದು ಗೆರೆ ಸಾಕು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ಯಾವಿಲ್ ‘ಸೂಪರ್‌ಮ್ಯಾನ್ ಆಗಿ ಮರಳಿದ್ದೇನೆ’ ಎಂದು ಅಭಿಮಾನಿಗಳಿಗೆ ಸಿಹಿಸುದ್ದಿ ಕೊಟ್ಟರು. ಅದೇ ವಾರ ವಾರ್ನರ್‌ನ ಸೂಪರ್‌ಹೀರೊ ಶಾಖೆ ಡಿಸಿಯ ಚಿತ್ರಗಳ ಹೊಣೆ ಜೇಮ್ಸ್ ಗನ್, ಪೀಟರ್ ಸಫ್ರನ್ ಕೈಗೆ ಬಂತೆಂದು ಪ್ರಕಟವಾಯಿತು. ಡಿಸೆಂಬರ್ ಹೊತ್ತಿಗೆ ಕ್ಯಾವಿಲ್ ಮತ್ತೊಂದು ಪ್ರಕಟಣೆ ಹೊರಡಿಸಿದರು: ಮರಳಿಲ್ಲ. ಸೂಪರ್‌ಮ್ಯಾನ್ ಬೆಳಕಿಗಿಂತ ವೇಗವಾಗಿ ಹಾರಬಲ್ಲ, ಆದರೆ ಎಚ್‌ಆರ್ ಅವನಿಗಿಂತ ವೇಗ.

ಹಾಗಾದರೆ ಪುನರ್ಜನ್ಮ? ಅದಕ್ಕೆ ಮಲ್ಟಿವರ್ಸ್, ಅಂದರೆ ಸಮಾನಾಂತರ ಲೋಕಗಳ ಸಾಲೇ ಇದೆ. ಎಕ್ಸ್‌ಮೆನ್‌ನ ಪ್ರೊಫೆಸರ್ ಎಕ್ಸ್ ಆಗಿ ಪ್ಯಾಟ್ರಿಕ್ ಸ್ಟೂವರ್ಟ್ 2006ರಲ್ಲಿ ಸತ್ತರು, 2017ರಲ್ಲಿ ಸತ್ತರು, 2022ರಲ್ಲಿ ಇನ್ನೊಮ್ಮೆ ಸತ್ತರು. ಕುರ್ಚಿಗಳ ಮೇಲಿನ ಆ 27 ಹೆಸರುಗಳಲ್ಲಿ ಅವರದ್ದೂ ಇತ್ತು. ಕೊನೆಯ ಹೆಸರು ರಾಬರ್ಟ್ ಡೌನಿ ಜೂನಿಯರ್. 2019ರಲ್ಲಿ ಐರನ್ ಮ್ಯಾನ್ ಆಗಿ ಪ್ರಾಣ ಕೊಟ್ಟಾಗ ಚಿತ್ರಮಂದಿರಗಳಲ್ಲಿ ಜನ ಗೊಳೋ ಎಂದು ಅತ್ತಿದ್ದರು. ಈ ಹೊಸ ಚಿತ್ರಕ್ಕೆ ಮೊದಲು ಯೋಜಿಸಿದ್ದ ಖಳ ಕಾಂಗ್. ಆ ಪಾತ್ರದ ನಟ ಜೊನಾಥನ್ ಮೇಜರ್ಸ್ ನ್ಯಾಯಾಲಯದಲ್ಲಿ ತಪ್ಪಿತಸ್ಥನಾಗಿ ಸ್ಟುಡಿಯೊ ಕೈಬಿಟ್ಟ ಮೇಲೆ, ಚಿತ್ರದ ಹೆಸರೇ ಬದಲಾಗಿ, ಡೌನಿ ಡಾಕ್ಟರ್ ಡೂಮ್ ಎಂಬ ಖಳನಾಗಿ ಹಿಂತಿರುಗಿದರು. ಅಂದು ನಾಯಕನಾಗಿ ಸತ್ತು ಲೋಕ ಉಳಿಸಿದ. ಈಗ ಖಳನಾಗಿ ಬದುಕಿ ಷೇರುಬೆಲೆ ಉಳಿಸಬೇಕು. ಅತ್ತವರ ಕಣ್ಣೀರಿಗೆ ರೀಫಂಡ್ ಇಲ್ಲ. ‘ಡೂಮ್ಸ್‌ಡೇ’ ಕೂಡ 2026ರ ಮೇ ತಿಂಗಳಿಂದ ಡಿಸೆಂಬರ್‌ಗೆ ಜಾರಿತು. ಲೋಕಾಂತ್ಯಕ್ಕೂ ಸ್ವಲ್ಪ ಪೋಸ್ಟ್ ಪ್ರೊಡಕ್ಷನ್ ಬಾಕಿ ಇರುತ್ತದೆ.

ನಾವು ಕೈಕಟ್ಟಿ ಕೂತಿಲ್ಲ. ಹಿಂದಿಯಲ್ಲಿ ಗೂಢಚಾರರಿಗೊಂದು, ಪೊಲೀಸರಿಗೊಂದು, ದೆವ್ವಗಳಿಗೊಂದು ಯೂನಿವರ್ಸ್ ಇವೆ. ನಮ್ಮ ಬೆಂಗಳೂರಿನ ಹೊಂಬಾಳೆಯವರು ಕ್ಲೀಮ್ ಪ್ರೊಡಕ್ಷನ್ಸ್ ಜೊತೆ ಸೇರಿ 2025ರಲ್ಲಿ ‘ಮಹಾವತಾರ್ ಸಿನಿಮ್ಯಾಟಿಕ್ ಯೂನಿವರ್ಸ್’ ಘೋಷಿಸಿದರು. ‘ನರಸಿಂಹ’ ಬಂದ, ಗೆದ್ದ. ಮುಂದೆ ಎರಡೆರಡು ವರ್ಷಕ್ಕೊಂದು ಚಿತ್ರ. 2035ರಲ್ಲಿ ಕಲ್ಕಿ ಮೊದಲ ಭಾಗ, 2037ರಲ್ಲಿ ಎರಡನೇ ಭಾಗ. ಪಂಚಾಂಗದ ಪ್ರಕಾರ ಕಲಿಯುಗಕ್ಕೆ 4,32,000 ವರ್ಷ. ಕಳೆದಿರುವುದು ಐದು ಸಾವಿರ ಚಿಲ್ಲರೆ. ಬ್ಲೇಡ್ ಬರಲಿಲ್ಲ, ಅದೃಶ್ಯ ಮನುಷ್ಯ ಕಾಣಲಿಲ್ಲ, ಡೂಮ್ ತಡವಾದ. ಕಲ್ಕಿಯೊಬ್ಬನೇ ನಾಲ್ಕು ಲಕ್ಷ ವರ್ಷಕ್ಕೂ ಮೊದಲೇ ರಿಲೀಸ್ ಆಗುತ್ತಿದ್ದಾನೆ. ಯೂನಿವರ್ಸ್‌ಗಳ ಇತಿಹಾಸದಲ್ಲಿ ದಿನಾಂಕ ಇಷ್ಟೊಂದು ಹಿಂದಕ್ಕೆ ಬಂದದ್ದು ಇದೊಂದೇ ಸಲ. ಅದನ್ನೂ ಮುಂದೂಡಿದರೆ ಮಾತ್ರ ದಯವಿಟ್ಟು ಯಾರೂ ದೂರಬೇಡಿ.