ಯಾರೂ ಕದಿಯದ ಊಟ

ಆಪತ್ಕಾಲಕ್ಕೆಂದು ಆಹಾರ ಕೂಡಿಡುವ ವಿದ್ಯೆಯನ್ನು ಯುರೋಪಿನವರು ಈಗ ಶ್ರದ್ಧೆಯಿಂದ ಕಲಿಯುತ್ತಿದ್ದಾರೆ. 2018ರಲ್ಲಿ ಸ್ವೀಡನ್ ಸರ್ಕಾರ ಯುದ್ಧವೋ ವಿಪತ್ತೋ ಬಂದರೆ ಏನೇನು ಇಟ್ಟುಕೊಂಡಿರಬೇಕೆಂದು ಮನೆಮನೆಗೆ ಪುಸ್ತಿಕೆ ಹಂಚಿತು. 2025ರ ಮಾರ್ಚಿನಲ್ಲಿ ಐರೋಪ್ಯ ಒಕ್ಕೂಟ, 72 ಗಂಟೆಗೆ ಸಾಲುವಷ್ಟು ಸಾಮಾನು ಮನೆಯಲ್ಲಿರಲಿ ಎಂದಿತು. ಅಮ್ಮನಿಗೆ ಓದಿ ಹೇಳಿದೆ. “ಮೂರು ದಿನಕ್ಕಾ? ಅದು ನೆಂಟರು ಬಂದ್ರೆ ಅಂತ ಇಡೋದು ಕಣೋ” ಅಂದಳು.

ನಮ್ಮ ಬಾಗಲೂರಿನ ಆಪತ್ತುಗಳ ದಾರಿಯೇ ಬೇರೆ. ಇರುವುದು ತಮಿಳುನಾಡಿನಲ್ಲಿ; ಮನೆಮಾತು ಕನ್ನಡ, ಅಂಗಡಿಮಾತು ತಮಿಳು, ಜಗಳಕ್ಕೆ ತೆಲುಗು. ಹತ್ತಿರದಲ್ಲಿ ಹರಿಯುವುದು ದಕ್ಷಿಣ ಪಿನಾಕಿನಿ. ಆದರೆ ಕಾವೇರಿಯಲ್ಲಿ ನೀರು ಕಮ್ಮಿಯಾದರೆ ನಿಲ್ಲುವುದು ನಮ್ಮ ಬಸ್ಸು. 2016ರ ಸೆಪ್ಟೆಂಬರಿನಲ್ಲಿ ಬಸ್ಸುಗಳು ಅತ್ತಿಬೆಲೆಯಲ್ಲೇ ಇಳಿಸಿಬಿಟ್ಟವು. ಜನ ಗಂಟುಮೂಟೆ ಹೊತ್ತು ಗಡಿಯಾಚೆಯ ಜೂಜುವಾಡಿಯತ್ತ ನಡೆದರು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ 21 ದಿನದ ಲಾಕ್‌ಡೌನ್ ಸಾರಿದಾಗಲಂತೂ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿದ್ದ ನನ್ನ ಅಕ್ಕನ ಮಗನಿಗೆ ಜ್ಞಾನೋದಯವಾಯಿತು. ದಾರಿ ತೆರೆದ ಕೂಡಲೇ ಡಿಕ್ಕಿ ತುಂಬ ಆಪತ್ಕಾಲದ ಆಹಾರ ಹೇರಿಕೊಂಡು ಬಂದ: ನೂಡಲ್ಸು, ಬಿಸ್ಕತ್ತು, ಬಿಸಿನೀರು ಹಾಕಿದರೆ ಬಿಸಿಬೇಳೆಬಾತ್ ಆಗುವ ಪುಡಿ.

“ಒಂದು ವರ್ಷ ಇಟ್ರೂ ಕೆಡಲ್ಲ ಮಾವ” ಅಂದ.

ಕೆಡಲಿಲ್ಲ, ನಿಜ. ಕೆಡುವಷ್ಟು ದಿನ ಅವನ್ನು ಯಾರು ಉಳಿಸಿದರು? ನೂಡಲ್ಸಿಗೆ ಮಕ್ಕಳ ಹೊಟ್ಟೆಯಲ್ಲಿ ಆಪತ್ತು ಬಂತು. ಬಿಸ್ಕತ್ತಿಗೆ ನನ್ನ ಸಂಜೆಯ ಕಾಫಿಯೇ ವಿಪತ್ತಾಯಿತು.

ದಾಸ್ತಾನಿನ ಮೊದಲ ಶತ್ರು ಹುಳು ಅಲ್ಲ, ಮನೆಮಂದಿ. ಡಬ್ಬದ ಮೇಲಿನ ತಾರೀಖು ಬರೆಯುವವರಿಗೆ ಇದು ಗೊತ್ತಿಲ್ಲ. ಅಟ್ಟ ತುಂಬಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಅದಕ್ಕೇ ರಾಗಿ. ಕಾಳು ಎಷ್ಟು ಸಣ್ಣದೆಂದರೆ ಒಳಗೆ ಸಂಸಾರ ಹೂಡಲು ಹುಳುವಿಗೂ ಜಾಗವಿಲ್ಲ; ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೂತಿರುತ್ತದೆ. ಅದಕ್ಕಿಂತ ದೊಡ್ಡ ಗುಣವೆಂದರೆ, ಮಧ್ಯರಾತ್ರಿ ಎದ್ದು ಅಡುಗೆಮನೆಗೆ ನುಗ್ಗಿ ಹಸಿ ರಾಗಿ ಮುಕ್ಕಿದ ಕಳ್ಳ ಈ ಸೀಮೆಯಲ್ಲಿ ಹುಟ್ಟಿಲ್ಲ. ಬೀಸಬೇಕು, ಎಸರಿಡಬೇಕು, ತಿರುವಬೇಕು. ಅಷ್ಟು ಹೊತ್ತಿಗೆ ಚಪಲ ಅಡಗಿ ನಿಜವಾದ ಹಸಿವೊಂದೇ ಉಳಿದಿರುತ್ತದೆ.

ಅದೇ ರಾಗಿಯನ್ನು ಅರಳಿಸಿ ಹುರಿಹಿಟ್ಟು ಮಾಡಿದಿರೋ, ಕೆಲಸ ಕೆಟ್ಟಿತು. ಬೆಲ್ಲ, ಮಜ್ಜಿಗೆ ಕೈಗೆಟುಕಿದರೆ ಡಬ್ಬ ವಾರ ನಿಲ್ಲುವುದಿಲ್ಲ.

ಹಿಂದೆ ರಾಗಿಯನ್ನು ಹಗೇವಿನಲ್ಲಿ ಹೂಳುತ್ತಿದ್ದರು. ಗಟ್ಟಿ ನೆಲದಲ್ಲಿ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಹಿರಿದು. ಸುತ್ತ ಹುಲ್ಲು ಒತ್ತಿ, ಕಾಳು ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. ಕಾಳು ಉಸಿರಾಡಿ ಒಳಗಿನ ಪ್ರಾಣವಾಯು ಮುಗಿದರೆ ಹುಳುಗಳಿಗೆ ಉಳಿಗಾಲವಿಲ್ಲ. ಮನುಷ್ಯರಿಗೂ ಇಲ್ಲ. ಆದ್ದರಿಂದ ತೆರೆದ ಮೇಲೆ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಬಿಸ್ಕತ್ತಿನ ಡಬ್ಬಕ್ಕೂ ಇಂಥದೊಂದು ಬಂದೋಬಸ್ತು ಇದ್ದಿದ್ದರೆ ಎಂದು ನನಗೆ ಅನ್ನಿಸಿದ್ದುಂಟು.

ತಮಾಷೆ ಬದಿಗಿಡೋಣ. 1876–78ರ ಧಾತು–ಈಶ್ವರ ಬರದಲ್ಲಿ ಅಂದಿನ ಸೇಲಂ ಜಿಲ್ಲೆಯ ನಮ್ಮ ಸೀಮೆಯೂ ಬೆಂದಿತು. ಬರದ ಕೆಲಸಕ್ಕೆ ಬಂದ ಕೂಲಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಕಾಸು ಸಾಕೆಂದು 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಲೆಕ್ಕ ಹಾಕಿದ. ಅಂಥ ಲೆಕ್ಕಕ್ಕೆ ಸಿಕ್ಕಿದವರ ಮೊಮ್ಮಕ್ಕಳು ಮನೆಯಲ್ಲಿ ಒಂದು ಮೂಟೆ ಹೆಚ್ಚಿಗೆ ಇಟ್ಟುಕೊಂಡರೆ ಅದನ್ನು ಜಿಪುಣತನ ಅನ್ನಬಾರದು. ಈಗ ರೇಷನ್ ಅಂಗಡಿಯಲ್ಲಿ ಅಕ್ಕಿ ಪುಕ್ಕಟೆ, 2011ರಿಂದ. ಆದರೂ ಅಮ್ಮ ಮೂಟೆ ಬಿಟ್ಟಿಲ್ಲ. ಜೊತೆಗೆ ಕೆಮ್ಮಣ್ಣು ಕಟ್ಟಿದ ಅವರೆಕಾಳು, ಹುರಳಿ, ಉಪ್ಪು ಬೆರೆಸಿ ಮಡಕೆಗೆ ಅಮುಕಿದ ಹುಣಸೆಹಣ್ಣು. ಒಂದನ್ನಾದರೂ ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಹುಣಸೆಹಣ್ಣನ್ನು ಬಸುರಿಯರಿಂದ ಕಾಯಬೇಕು, ಅಷ್ಟೇ.

ನೀವೂ ಇಡುವುದಾದರೆ ಸಂಕ್ರಾಂತಿ ಕಳೆದ ಮೇಲೆ ಹೊಸ ರಾಗಿ ಕೊಳ್ಳಿ. ಹಲ್ಲಿಗೆ ಕೊಟ್ಟು ನೋಡಿ, ಕಟಕ್ ಅನ್ನದಿದ್ದರೆ ಇನ್ನೆರಡು ಬಿಸಿಲು ಕಾಣಿಸಿ. ಆರಿದ ಮೇಲೆ ತುಂಬಿ. ಬಿಸಿ ಕಾಳು ಮೂಟೆಯೊಳಗೆ ಬೆವರುತ್ತದೆ. ಬೆಲ್ಲದ ಡಬ್ಬ ಹಿಂದಕ್ಕಿರಲಿ, ಎದುರಿಗೆ ಒಂದಿಷ್ಟು ಚಕ್ಕುಲಿ ಇಡಿ. ಮನೆಗಳ್ಳರು ಅಲ್ಲಿಗೇ ತೃಪ್ತರಾಗುತ್ತಾರೆ.