ಜೆಲ್ಲಿರಾಯನ ಬೇಸಿಗೆ ದರ್ಬಾರು

ಸಂಡೂರಿನ ಕಡೆ ಯಾರಾದರೂ ‘ಪಾರ್ಟಿಗೆ ಜಿಲೆಟಿನ್ ತರಿಸೀನಿ’ ಎಂದರೆ ಕೇಳಿದವರು ಮೊದಲು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಆಮೇಲೆ ‘ಲೈಸೆನ್ಸ್ ಐತೇನು?’ ಎನ್ನುತ್ತಾರೆ. ಗಣಿ ಸೀಮೆಯಲ್ಲಿ ಆ ಪದಕ್ಕೆ ಒಂದೇ ಅರ್ಥ: ಬಂಡೆ ಕೊರೆದು, ಒಳಗಿಟ್ಟು, ದೂರ ಓಡಿ ಸಿಡಿಸುವ ಕಡ್ಡಿ. ತಪ್ಪು ಅವರದಲ್ಲ. 1875ರಲ್ಲಿ ಆಲ್ಫ್ರೆಡ್ ನೊಬೆಲ್ ನೈಟ್ರೊಗ್ಲಿಸರಿನ್‌ನಲ್ಲಿ ನೈಟ್ರೊಸೆಲ್ಯುಲೋಸ್ ಕರಗಿಸಿದಾಗ ಕೈಗೆ ಬಂದದ್ದು ಲೋಳೆಯಂಥ ಗಟ್ಟಿ ಪದಾರ್ಥ. ಕಾಣಲು ಜೆಲ್ಲಿಯಂತಿದೆ ಎಂಬ ಕಾರಣಕ್ಕೇ ಅದಕ್ಕೆ ಆ ಹೆಸರು ಅಂಟಿತು. ಅಡುಗೆಮನೆಯ ಜಿಲೆಟಿನ್ ಬೇರೆ ಜಾತಿ, ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ತಣ್ಣನೆಯ ಪುಡಿ. ಆದರೂ ಎರಡಕ್ಕೂ ಒಂದು ಗುಣ ಸಮಾನ: ಹೊರಗೆ ಸಾಧು, ಒಳಗೆ ಏನಿದೆ ಎಂಬುದು ಇಟ್ಟವನಿಗೇ ಗೊತ್ತು. ಈ ಗುಣವನ್ನೇ ನಂಬಿ ಪ್ರತಿ ಬೇಸಿಗೆಯಲ್ಲೂ ಹೊಸಪೇಟೆಯ ಯಾವುದಾದರೊಂದು ಮಾಳಿಗೆಯ ಮೇಲೆ ದರ್ಬಾರು ನಡೆಸುವ ಮಹಾಶಯನೊಬ್ಬನಿದ್ದಾನೆ. ಹಣ್ಣಿನ ಜೆಲ್ಲಿಯೊಳಗೆ ವೋಡ್ಕಾ ಅಡಗಿಸಿ, ಗುಬ್ಬಿಮರಿಗೆ ನೀರು ಕುಡಿಸುವಷ್ಟು ಚಿಕ್ಕ ಬಟ್ಟಲುಗಳಲ್ಲಿ ಹಂಚುವವನು. ಅವನನ್ನು ಜೆಲ್ಲಿರಾಯ ಎನ್ನೋಣ. ರಾಯರು ಆಳಿದ ಸೀಮೆಯಲ್ಲಿ ಪಟ್ಟ ಖಾಲಿ ಇರಬಾರದಲ್ಲ.

ಜೆಲ್ಲಿರಾಯನ ಗುರುತು ಹಿಡಿಯುವುದು ಸುಲಭ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲೋ ಕೆಲಸ. ಎರಡನೆಯದಾದರೆ ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಶನಿವಾರ ಬೆಳಿಗ್ಗೆ ಊರಿಗೆ ಇಳಿಯುತ್ತಾನೆ. ವರ್ಷದ 364 ದಿನ ಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಎಂದು ತಿಳಿಯದವನು ಆ ಒಂದು ದಿನ ಅಡುಗೆಮನೆಯನ್ನು ಪೂರ್ತಿ ವಶಪಡಿಸಿಕೊಳ್ಳುತ್ತಾನೆ. ಮೊಬೈಲು ಎಣ್ಣೆ ಡಬ್ಬಿಗೆ ಒರಗಿ ನಿಂತು ವಿಡಿಯೊ ತೋರಿಸುತ್ತಿರುತ್ತದೆ. ಫ್ರಿಜ್ಜಿನಿಂದ ಹಾಲು, ಮೊಸರು, ದೋಸೆ ಹಿಟ್ಟು ಹೊರಗೆ. ಒಳಗೆ ತಟ್ಟೆಗಟ್ಟಲೆ ಕೆಂಪು, ಹಸಿರು, ಹಳದಿ ಬಟ್ಟಲು. ಹೆಂಡತಿ ‘ರೀ, ಹಿಟ್ಟು ಹುಳಿಯಾದರೆ ನಾಳೆ ನೀವೇ ದೋಸೆ ತಿನ್ನಬೇಕು’ ಎಂದರೆ ಅವನಿಗೆ ಕೇಳಿಸುವುದಿಲ್ಲ. ಈತ ಕುಡುಕನಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ನಿಜವಾದ ಕುಡುಕನಿಗೆ ಇಷ್ಟು ತಾಳ್ಮೆ ಇರುವುದಿಲ್ಲ; ನಾಲ್ಕು ತಾಸು ಗಟ್ಟಿಯಾಗಲಿ ಎಂದು ಕಾಯುವ ಬದಲು ಒಂದು ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದ. ಹಾಗಾದರೆ ಜೆಲ್ಲಿರಾಯನಿಗೆ ಬೇಕಿರುವುದೇನು? ನನ್ನ ವಾದ ಇಷ್ಟೇ: ಅವನಿಗೆ ಬೇಕಿರುವುದು ಮದ್ಯವೂ ಅಲ್ಲ, ಹಣ್ಣೂ ಅಲ್ಲ, ಮರೆ. ಕೈಯಲ್ಲಿ ಗ್ಲಾಸು ಕಾಣದಂತೆ ಕುಡಿಯುವ ಸೌಕರ್ಯ. ಆ ಮರೆಗೆ ಅವನು ಆರಿಸಿಕೊಂಡ ಪದಾರ್ಥವೋ, ನಮ್ಮ ಊರಿನ ಬಿಸಿಲಲ್ಲಿ ಗುಟ್ಟು ಉಳಿಸಿಕೊಳ್ಳಲು ಕೊಂಚವೂ ಯೋಗ್ಯತೆ ಇಲ್ಲದ್ದು.

ಮರೆಯ ಮಾತಿಗೆ ಸಾಕ್ಷಿ ಬೇಕೆಂದರೆ ಪೇಟೆಯಲ್ಲೇ ಇದೆ. ಒಳಗಿನ ಮೇಜು ಕಾಣದಂತೆ ಪರದೆ ಬಿಟ್ಟ ‘ಫ್ಯಾಮಿಲಿ’ ರೆಸ್ಟೋರೆಂಟು, ಬಾಟಲಿಗೆ ಸುತ್ತಿದ ಹಳೆಯ ಪತ್ರಿಕೆ, ಅದರ ಮೇಲೆ ಕಪ್ಪು ಕವರು. ಆ ಕವರಿನಲ್ಲಿ ಏನಿದೆ ಎಂದು ಊರಿಗೆಲ್ಲ ಗೊತ್ತು, ಆದರೂ ಕವರು ಬೇಕು. ಆಮೇಲೆ ಅರ್ಧ ಚೆಲ್ಲಿ ಅರ್ಧ ತುಂಬಿಸಿದ ಕೂಲ್‌ಡ್ರಿಂಕ್ ಬಾಟಲಿ ಬಂತು. ಜೆಲ್ಲಿ ಈ ವಂಶದ ಕೊನೆಯ ಕುಡಿ: ಇದರಲ್ಲಿ ಬಾಟಲಿಯೇ ಇಲ್ಲ. ಹೊರದೇಶದಲ್ಲೂ ಇದರ ಜಾತಕ ಬೇರೆಯಲ್ಲ. ಅಮೆರಿಕದ ಗಣಿತಜ್ಞ, ಹಾಸ್ಯಗೀತೆಗಳ ಕರ್ತೃ ಟಾಮ್ ಲೆಹ್ರರ್ 1950ರ ದಶಕದಲ್ಲಿ ಸೈನ್ಯದಲ್ಲಿದ್ದಾಗ, ಮದ್ಯಕ್ಕೆ ನಿಷೇಧವಿದ್ದ ನೆಲೆಯಲ್ಲಿ ಪಾರ್ಟಿ ನಡೆಸಲು ವೋಡ್ಕಾವನ್ನು ಜೆಲ್ಲಿಯಾಗಿಸಿ ಒಳಗೆ ಸಾಗಿಸಿದ್ದಾಗಿ ತಾನೇ ಹೇಳಿಕೊಂಡಿದ್ದಾನೆ. ಅವನಿಗಿಂತ ಸುಮಾರು 90 ವರ್ಷ ಮೊದಲೇ, 1862ರಲ್ಲಿ, ಜೆರ್ರಿ ಥಾಮಸ್ ಎಂಬ ಪಾನಕುಶಲಿ ತನ್ನ ಪುಸ್ತಕದಲ್ಲಿ ‘ಪಂಚ್ ಜೆಲ್ಲಿ’ ಮಾಡುವ ಕ್ರಮ ಬರೆದು, ಜತೆಗೇ ಎಚ್ಚರಿಕೆಯನ್ನೂ ಕೊಟ್ಟ: ಇದರ ಕಸುವು ಜೆಲ್ಲಿಯಲ್ಲಿ ಮುಚ್ಚಿಹೋಗಿರುವುದರಿಂದ ಹೆಚ್ಚು ತಿಂದವರು ಊಟದ ನಂತರ ಕುಣಿಯುವ ಸ್ಥಿತಿಯಲ್ಲಿ ಉಳಿಯುವುದಿಲ್ಲ ಎಂದು. ಅಂದರೆ ಹುಟ್ಟಿದಾಗಿನಿಂದಲೂ ಈ ತಿನಿಸಿನ ಕಸುಬು ಅಡಗಿಸುವುದೇ. ಹಂಪಿಯ ಸ್ಮಾರಕಗಳ ಆವರಣದಲ್ಲಿ ಮದ್ಯ ಮಾಂಸ ನಡೆಯುವುದಿಲ್ಲ. ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು 2020ರಲ್ಲಿ ತೆರವಾದವು. ಮರೆಗೆ ಬೆಲೆ ಹೆಚ್ಚುವುದು ಇಂಥ ಕಡೆಯೇ.

ಇನ್ನು ಪದಾರ್ಥದ ವಿಚಾರ. ಜಿಲೆಟಿನ್‌ನ ದೊಡ್ಡಸ್ತಿಕೆ ಎಂದರೆ ಅದು ಬಾಯಿಗೆ ಹಾಕಿದೊಡನೆ ಕರಗುತ್ತದೆ. ಕರಗುವುದೇಕೆ? ಅದು ನೀರಾಗುವುದು ಸುಮಾರು 30ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ, ನಮ್ಮ ಮೈಯ ಬಿಸಿ 37. ಈ ಲೆಕ್ಕ ಶೀತದೇಶದ ಬಾಯಿಗೂ ಶೀತದೇಶದ ಹಜಾರಕ್ಕೂ ಇರುವ ಅಂತರವನ್ನು ನಂಬಿ ಹಾಕಿದ್ದು. ಹೊಸಪೇಟೆಯಲ್ಲಿ ಏಪ್ರಿಲ್, ಮೇ ತಿಂಗಳು ಬಿಸಿಲು 40 ದಾಟುತ್ತದೆ. ಸುತ್ತಲಿನ ಬಂಡೆಗಳು ಹಗಲೆಲ್ಲ ಕಾದು, ಸಂಜೆ ಸಾಲ ತೀರಿಸುವಂತೆ ಬಿಸಿ ವಾಪಸು ಕೊಡುತ್ತವೆ. ಇಲ್ಲಿ ಬಾಯಿಗಿಂತ ಮಾಳಿಗೆಯೇ ಬಿಸಿ. ಹಾಗಾಗಿ ಬಾಯಲ್ಲಿ ಆಗಬೇಕಾದ ಚಮತ್ಕಾರ ತಟ್ಟೆಯಲ್ಲೇ ಆಗಿಹೋಗುತ್ತದೆ. ನಡುವೆ ಕರೆಂಟು ಒಮ್ಮೆ ಹೋದರಂತೂ ಫ್ರಿಜ್ಜಿನೊಳಗೇ ತುಂಗಭದ್ರೆಯ ಹಿನ್ನೀರು. ಸಾಲದ್ದಕ್ಕೆ ಹಣ್ಣುಗಳೂ ರಾಯನ ವಿರುದ್ಧ ಪಿತೂರಿ ಮಾಡುತ್ತವೆ. ಹಸಿ ಅನಾನಸ್, ಪಪ್ಪಾಯಿ, ಅಂಜೂರಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಜಿಲೆಟಿನ್ ಎಂಬುದೇ ಪ್ರೋಟೀನು. ಗಟ್ಟಿಯಾಗಬೇಕಾದ ಎಳೆಗಳನ್ನು ಅವು ತುಂಡುತುಂಡು ಮಾಡುತ್ತವೆ, ಆಮೇಲೆ ಫ್ರಿಜ್ಜಿನಲ್ಲಿ ಮೂರು ದಿನ ಇಟ್ಟರೂ ಅದು ಶರಬತ್ತೇ. ಅನಾನಸನ್ನು ಚೆನ್ನಾಗಿ ಕುದಿಸಿ ಹಾಕಿದರೆ ಈ ತೊಂದರೆ ಇಲ್ಲ, ಆದರೆ ಜೆಲ್ಲಿರಾಯನಿಗೆ ‘ಫ್ರೆಶ್’ ಎಂಬ ಪದದ ಮೇಲೆ ಭಕ್ತಿ. ಬಳ್ಳಾರಿ ಸೀಮೆಯವನಾಗಿ ಅಂಜೂರ ಬಿಡಲಾದೀತೆ? ‘ನಮ್ಮ ಲೋಕಲ್ ಟಚ್’ ಎಂದು ಅದನ್ನೇ ಮೊದಲು ಹಾಕುತ್ತಾನೆ. ಮಾವೋ ದ್ರಾಕ್ಷಿಯೋ ದಾಳಿಂಬೆಯೋ ಆಗಿದ್ದರೆ ಬಚಾವಾಗುತ್ತಿದ್ದ. 1520ರ ಸುಮಾರಿಗೆ ವಿಜಯನಗರದ ಪೇಟೆ ಕಂಡ ಪೋರ್ಚುಗೀಸ್ ಪಯಣಿಗ ಡೊಮಿಂಗೊ ಪಾಯಸ್ ಇಲ್ಲಿನ ದ್ರಾಕ್ಷಿ, ಕಿತ್ತಳೆ, ನಿಂಬೆ, ದಾಳಿಂಬೆ, ಮಾವುಗಳ ಸಮೃದ್ಧಿಯನ್ನು ಬೆರಗಾಗಿ ಬರೆದಿದ್ದಾನೆ. ಹೆಸರಲ್ಲೇ ಪಾಯಸ ಇಟ್ಟುಕೊಂಡವನ ಮಾತನ್ನು ಅಡುಗೆ ವಿಚಾರದಲ್ಲಿ ಕೇಳುವುದು ಒಳ್ಳೆಯದು.

ಇಲ್ಲಿ ಬುದ್ಧಿವಂತರು ಆಕ್ಷೇಪ ಎತ್ತುತ್ತಾರೆ: ಅಷ್ಟೇ ತಾನೆ, ಜಿಲೆಟಿನ್ ಬಿಟ್ಟು ಚೈನಾ ಗ್ರಾಸ್ ಹಾಕಿದರಾಯಿತು. ಆಕ್ಷೇಪ ಒಪ್ಪತಕ್ಕದ್ದೇ, ಅದಕ್ಕೊಂದು ಘನವಾದ ಇತಿಹಾಸವೂ ಇದೆ. 1881ರ ಹೊತ್ತಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಖ್‌ನ ಪ್ರಯೋಗಾಲಯದಲ್ಲಿ ಸೂಕ್ಷ್ಮಾಣು ಬೆಳೆಸಲು ಜಿಲೆಟಿನ್ ಬಳಸುತ್ತಿದ್ದರು; ಬೇಸಿಗೆ ಬಂದರೆ ಅದು ಕರಗಿ ಎಲ್ಲರ ಸಂಶೋಧನೆಯೂ ಒಂದರಲ್ಲೊಂದು ಕಲೆಯುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ತಲೆ ಕೆಡಿಸಿಕೊಂಡು, ನೀನು ಮನೆಯಲ್ಲಿ ಮಾಡುವ ಜೆಲ್ಲಿ ಬೇಸಿಗೆಯಲ್ಲೂ ಕರಗದಲ್ಲ ಏಕೆ ಎಂದು ಹೆಂಡತಿಯನ್ನು ಕೇಳಿದ. ಜಾವಾ ದ್ವೀಪದಲ್ಲಿದ್ದು ಬಂದ ನೆರೆಯವರಿಂದ ಕಲಿತಿದ್ದ ಫ್ಯಾನಿ ಹೆಸ್ಸೆ ಹೇಳಿದ್ದು ಅಗರ್ ಎಂದು, ಅಂದರೆ ನಮ್ಮ ಚೈನಾ ಗ್ರಾಸ್. ಸಮುದ್ರದ ಪಾಚಿಯಿಂದ ತೆಗೆದದ್ದು. ನಮ್ಮ ಪಕ್ಕದ ತಮಿಳುನಾಡಿನ ಮಂಡಪಂ ಕರಾವಳಿಯಲ್ಲೇ ಆ ಪಾಚಿ ಬೆಳೆಯುತ್ತದೆ. ಅದು ಗಟ್ಟಿಯಾಗುವುದು 32ರಿಂದ 40 ಡಿಗ್ರಿಯಲ್ಲಿ, ಒಮ್ಮೆ ಗಟ್ಟಿಯಾಯಿತೆಂದರೆ ಮತ್ತೆ ಕರಗಲು ಸುಮಾರು 85 ಡಿಗ್ರಿ ಬೇಕು. ಹೊಸಪೇಟೆಯ ಬಿಸಿಲಿಗೂ ಅದು ಜಗ್ಗದು. ಪ್ರೋಟೀನು ಅಲ್ಲವಾದ್ದರಿಂದ ಅಂಜೂರದ ಕಿಣ್ವಕ್ಕೂ ಅಂಜದು. ರಂಜಾನ್ ತಿಂಗಳಲ್ಲಿ ಇಫ್ತಾರಿಗೆ ಹಾಲು, ಸಕ್ಕರೆ ಹಾಕಿ ಕಾಸಿ, ವಜ್ರದಾಕಾರಕ್ಕೆ ಕೊಯ್ದಿಡುವ ಬಿಳಿ ತುಂಡುಗಳು ಇದರವೇ. ಹಸಿರು ಚುಕ್ಕೆಯ ಪ್ರಶ್ನೆಯೂ ಇಲ್ಲಿ ಬಗೆಹರಿಯುತ್ತದೆ. ಜಿಲೆಟಿನ್ ಹಾಕಿದ ಜೆಲ್ಲಿಯನ್ನು ಮಾಂಸ ಮುಟ್ಟದ ನೆಂಟರಿಗೆ ‘ಪ್ಯೂರ್ ವೆಜ್, ಬರೀ ಹಣ್ಣು’ ಎಂದು ಕೊಡುವ ಜೆಲ್ಲಿರಾಯ ಒಂದೇ ಬಟ್ಟಲಲ್ಲಿ ಎರಡು ಸುಳ್ಳು ಬಡಿಸಿರುತ್ತಾನೆ.

ಇಷ್ಟೆಲ್ಲ ಇದ್ದೂ ಜೆಲ್ಲಿರಾಯ ಚೈನಾ ಗ್ರಾಸಿಗೆ ಒಲಿಯುವುದಿಲ್ಲ, ಮತ್ತು ಅವನು ಒಲಿಯದಿರುವುದೇ ನನ್ನ ವಾದಕ್ಕೆ ಬಲವಾದ ಆಧಾರ. ಚೈನಾ ಗ್ರಾಸ್ ಬಾಯಲ್ಲಿ ಕರಗುವುದಿಲ್ಲ, ಅಗಿಯಬೇಕು. ಅಗಿಯುವವನಿಗೆ ರುಚಿ ತಿಳಿಯುತ್ತದೆ, ರುಚಿ ತಿಳಿದರೆ ವೋಡ್ಕಾ ತಿಳಿಯುತ್ತದೆ, ಅಲ್ಲಿಗೆ ಮರೆ ಹರಿಯಿತು. ಮಾಡುವ ಕೆಲಸವೂ ನಾಜೂಕಿನದು: ಪಾಚಿಯನ್ನು ಚೆನ್ನಾಗಿ ಕುದಿಸಲೇಬೇಕು, ಕುದಿಯುವಾಗ ಮದ್ಯ ಸುರಿದರೆ ಅದು ಹಬೆಯಾಗಿ ಓಣಿಗೆಲ್ಲ ಸುದ್ದಿ ಮುಟ್ಟಿಸುತ್ತದೆ, ತಣ್ಣಗಾದ ಮೇಲೆ ಸುರಿಯೋಣವೆಂದರೆ ಅಷ್ಟರಲ್ಲಿ ಪಾತ್ರೆಯಲ್ಲೇ ಗಡ್ಡೆ ಕಟ್ಟಿರುತ್ತದೆ. ಎರಡರ ನಡುವಿನ ಕೆಲವೇ ನಿಮಿಷ ಹಿಡಿಯಲು ಪಾಕ ನೋಡಿದ ಕೈ ಬೇಕು, ಕಂಪ್ಲಿ ಕಡೆಯ ಆಲೆಮನೆಯಲ್ಲಿ ಬೆಲ್ಲದ ಹದ ನೋಡುವವನಂಥ ಕೈ. ಎಲ್ಲಕ್ಕಿಂತ ದೊಡ್ಡ ಅಡ್ಡಿ ಎಂದರೆ ಚೈನಾ ಗ್ರಾಸ್ ಅವನ ತಾಯಿಗೆ ಗೊತ್ತು. ಅಮ್ಮನಿಗೆ ಗೊತ್ತಿರುವ ತಿನಿಸಿನಲ್ಲಿ ಏನನ್ನು ತಾನೇ ಅಡಗಿಸಲು ಸಾಧ್ಯ?

ಇನ್ನೊಂದು ಆಕ್ಷೇಪ ಗಂಭೀರವಾದದ್ದು: ಬಾಟಲಿ ಎತ್ತುವುದಕ್ಕಿಂತ ಚಿಕ್ಕ ಬಟ್ಟಲಲ್ಲಿ ಅಳೆದು ಕೊಡುವುದು ಮಿತವಲ್ಲವೆ, ಇದೂ ಒಂದು ಸುಧಾರಣೆಯಲ್ಲವೆ? ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಮಾರುವ ವೋಡ್ಕಾ ಸಾಮಾನ್ಯವಾಗಿ ಶೇ 42.8ರ ಕಸುವಿನದು. ಅರ್ಧ ನೀರು, ಅರ್ಧ ವೋಡ್ಕಾ ಹಾಕಿದ 30 ಮಿಲಿ ಬಟ್ಟಲಲ್ಲಿ 15 ಮಿಲಿ ವೋಡ್ಕಾ ಇರುತ್ತದೆ. ನಾಲ್ಕು ಬಟ್ಟಲಿಗೆ ಒಂದು ದೊಡ್ಡ ಪೆಗ್, ಹನ್ನೆರಡಕ್ಕೆ ಒಂದು ಕ್ವಾರ್ಟರ್. ಲೆಕ್ಕ ಕಾಗದದ ಮೇಲೆ ಬಹಳ ಶಿಸ್ತಾಗಿದೆ, ತಿನ್ನುವವನು ಮಾತ್ರ ಎಣಿಸುವುದಿಲ್ಲ. ಪೆಗ್ಗು ಎಣಿಸುವ ಅಭ್ಯಾಸ ನಮಗಿದೆ, ದ್ರಾಕ್ಷಿ ಎಣಿಸಿ ತಿನ್ನುವ ಅಭ್ಯಾಸ ಇಲ್ಲ. ಮೊದಲನೆಯದು ತಲೆಗೆ ಏರುವ ಮೊದಲೇ ಐದನೆಯದು ಗಂಟಲಿಳಿದಿರುತ್ತದೆ, ಆಮೇಲೆ ಕಂಪ್ಲಿ ರಸ್ತೆಯ ತೋಟದ ಮನೆಯಿಂದ ಬೈಕಿನಲ್ಲಿ ಊರಿಗೆ ಮರಳಬೇಕು. ಹಾಸ್ಯವನ್ನು ಒಂದು ಗಳಿಗೆ ಬದಿಗಿಟ್ಟು ಹೇಳುವುದಾದರೆ, ಬಣ್ಣದ ಜೆಲ್ಲಿ ಕಂಡರೆ ಮೊದಲು ಕೈ ಚಾಚುವವರು ಆರು ವರ್ಷದವರು. ವಿಸ್ಕಿ ಗ್ಲಾಸನ್ನು ಮಗು ಮೂಸಿ ದೂರ ತಳ್ಳಬಹುದು, ಜೆಲ್ಲಿಯನ್ನು ತಳ್ಳುವುದಿಲ್ಲ. ದೊಡ್ಡವರಿಂದ ಅಡಗಿಸಲು ಕಟ್ಟಿದ ಮರೆ ಮಕ್ಕಳಿಗೆ ಆಮಂತ್ರಣವಾಗುತ್ತದೆ. ಇದನ್ನು ಸುಧಾರಣೆ ಎನ್ನುವುದಾದರೆ ಕಪ್ಪು ಕವರೇ ಮೇಲು: ಒಳಗೇನಿದೆ ಎಂಬ ವಿಚಾರದಲ್ಲಿ ಅದು ಇಷ್ಟು ಮೋಸ ಮಾಡುವುದಿಲ್ಲ.

ಜೆಲ್ಲಿರಾಯನ ರಾಜ್ಯ ಹೊರಗಿನವರ ಆಕ್ಷೇಪಕ್ಕೆ ಬೀಳುವುದಿಲ್ಲ, ಒಳಗಿನ ಒಂದೇ ಮಾತಿಗೆ ಬೀಳುತ್ತದೆ. ಎಲ್ಲ ಮನೆಯಲ್ಲೂ ಆ ಮಾತು ಒಂದೇ. ತಾಯಿ ಫ್ರಿಜ್ಜಿನ ಬಾಗಿಲು ತೆರೆದು ‘ಏನೋ ಅದು, ಕೆಂಪಗ ಐತಲ್ಲ?’ ಎನ್ನುತ್ತಾಳೆ. ‘ಹಣ್ಣಿನ ಜೆಲ್ಲಿ ಅಮ್ಮ.’ ‘ಹಣ್ಣಿಂದಾದ್ರ ಹುಡುಗ್ರಿಗೆ ಒಂದೊಂದು ಕೊಡು ಮತ್ತ.’ ಈ ಮಾತಿಗೆ ಉತ್ತರ ಯಾವ ವಿಡಿಯೊದಲ್ಲೂ ಇಲ್ಲ. ‘ಇನ್ನೂ ಗಟ್ಟಿ ಆಗಿಲ್ಲಮ್ಮ’ ಎಂದು ಅವನು ತಪ್ಪಿಸಿಕೊಳ್ಳುತ್ತಾನೆ, ಮತ್ತು ಆ ದಿನವಿಡೀ ಅವನು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ. ಸಂಜೆ ಮಾಳಿಗೆಯ ಮೇಲೆ ಗೆಳೆಯರು ಮಿರ್ಚಿ ಮಂಡಕ್ಕಿ ಜತೆಗೆ ಅದನ್ನು ಸ್ಟ್ರಾ ಹಾಕಿ ಹೀರುತ್ತಾರೆ. ‘ಬೇಕಂತಲೇ ಹಿಂಗ ಮಾಡಿದ್ದು, ಸಮ್ಮರ್ ಸ್ಪೆಷಲ್’ ಎಂದು ರಾಯ ಘೋಷಿಸುತ್ತಾನೆ. ರಾತ್ರಿ ಕರೆಂಟು ನೆಟ್ಟಗಿರುತ್ತದೆ, ಫ್ರಿಜ್ಜಿನ ಬಾಗಿಲು ತೆರೆಯುವವರಿಲ್ಲ. ಬೆಳಿಗ್ಗೆ ನೆಂಟರು ಗೆಳೆಯರು ಹೋದ ಮೇಲೆ, ಹುಳಿಯಾದ ದೋಸೆ ಹಿಟ್ಟಿನ ಪಕ್ಕದಲ್ಲಿ, ಅಂಜೂರ ಬೀಳದ ಮೂರು ದ್ರಾಕ್ಷಿ ಬಟ್ಟಲುಗಳು ನಡುಗುತ್ತ, ಹೊಳೆಯುತ್ತ, ವಿಡಿಯೊದಲ್ಲಿದ್ದಂತೆಯೇ ನಿಂತಿರುತ್ತವೆ. ಅವನ್ನು ಮೊದಲು ಕಾಣುವವಳು ತಾಯಿಯೇ.

‘ಏ, ಈಗ ಗಟ್ಟಿ ಆಗೈತಿ ನೋಡು. ಹುಡುಗ್ರನ್ನ ಕರೀಲೇನು?’