ತೀರ್ಪುಗಾರವಾಕ್ಯ ಮೀಮಾಂಸೆ

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಮೂರು ಪರಿಚ್ಛೇದಗಳಿವೆ. ಮೊದಲನೆಯದು ದೋಷಗಳ ವಿವೇಚನೆ, ಎರಡನೆಯದು ಶಬ್ದಾಲಂಕಾರ, ಮೂರನೆಯದು ಅರ್ಥಾಲಂಕಾರ. ಛಾಯಾಗ್ರಹಣ ಸ್ಪರ್ಧೆಯ ತೀರ್ಪುಗಾರರು ಈ ಗ್ರಂಥ ಓದಿದ್ದಾರೆ ಎಂಬುದಕ್ಕೆ ಶಾಸನಾಧಾರ ಸಿಕ್ಕಿಲ್ಲ. ಆದರೆ ಅವರ ಮಾತುಗಳನ್ನು ಕೂಲಂಕಷವಾಗಿ ಪರಿಶೀಲಿಸಿದರೆ, ಮೊದಲ ಪರಿಚ್ಛೇದವನ್ನು ಅರೆದು ಕುಡಿದವರು ಉಳಿದೆರಡರ ಪುಟ ತಿರುವಿಲ್ಲ ಎಂದು ಊಹಿಸಲು ಧಾರಾಳ ಅವಕಾಶವಿದೆ. ಪ್ರಸ್ತುತ ಪ್ರಬಂಧದ ಪ್ರಮೇಯ ಇಷ್ಟೇ.

ಮೊದಲು ಸನ್ನಿವೇಶ. ಕ್ಲಬ್ಬಿನ ಸಭಾಂಗಣದಲ್ಲಿ ದೀಪ ಆರಿದೆ. ಪರದೆಯ ಮೇಲೆ ಒಂದೊಂದೇ ಚಿತ್ರ ಬಂದು ಹೋಗುತ್ತದೆ. ಯಾರದ್ದೆಂದು ಹೇಳುವಂತಿಲ್ಲ, ಬರೀ ಸಂಖ್ಯೆ. ಹಿಂದಿನ ಸಾಲಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ನೆಟ್ಟಗೆ ಕುಳಿತು ಕೈಕಟ್ಟಿಕೊಂಡರೆ, ಪರದೆಯ ಮೇಲಿನ ಮಿಂಚುಳ್ಳಿ ಅವರದ್ದೇ. ತೀರ್ಪುಗಾರರು ಮೈಕ್ ಎತ್ತಿಕೊಳ್ಳುತ್ತಾರೆ. ‘ಒಳ್ಳೆ ಪ್ರಯತ್ನ’ ಎಂಬುದು ಮಂಗಳಾಚರಣೆ. ಅದು ಕಿವಿಗೆ ಬಿದ್ದೊಡನೆ ಅನುಭವಿಗಳು ಪದಕದ ಆಸೆ ಬಿಡುತ್ತಾರೆ.

ಆಮೇಲೆ ದೋಷಪ್ರಕರಣ. ಪ್ರಾಂತದೋಷ: ರೆಕ್ಕೆಯ ತುದಿ ಅಂಚಿಗೆ ತಾಗಿದರೆ ‘ಫ್ರೇಮ್ ಟೈಟ್ ಆಯ್ತು’, ತಾಗದೆ ಜಾಗ ಉಳಿದರೆ ‘ಇನ್ನೂ ಕ್ರಾಪ್ ಮಾಡಬಹುದಿತ್ತು’. ನೇತ್ರದೋಷ: ಹಕ್ಕಿಯ ಕಣ್ಣಿನಲ್ಲಿ ಬೆಳಕಿನ ಚುಕ್ಕಿ, ಅಂದರೆ ಕ್ಯಾಚ್‌ಲೈಟ್, ಇಲ್ಲ. ಶ್ವೇತದೋಷ: ಬೆಳ್ಳಕ್ಕಿಯ ಬೆನ್ನಿನ ಮೇಲೆ ‘ಹೈಲೈಟ್ ಬರ್ನ್ ಆಗಿದೆ’. ಮಧ್ಯಸ್ಥದೋಷ: ವಸ್ತು ನಟ್ಟನಡುವೆ ಕುಳಿತಿದೆ.

ಈ ಕೊನೆಯದಕ್ಕೆ ಪರಂಪರೆಯ ಬಲವಿದೆ. ಚೌಕಟ್ಟನ್ನು ಮೂರು ಪಾಲು ಮಾಡಿ ವಸ್ತುವನ್ನು ನಡುವಿನಿಂದ ಸರಿಸಿಡು ಎನ್ನುವ ‘ರೂಲ್ ಆಫ್ ಥರ್ಡ್ಸ್’ ಎಂಬ ಹೆಸರನ್ನು 1797ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಕೆತ್ತನೆಗಾರ ಜಾನ್ ಥಾಮಸ್ ಸ್ಮಿತ್. ಹಳ್ಳಿಗಾಡಿನ ದೃಶ್ಯಗಳನ್ನು ಬಿಡಿಸುವವರಿಗಾಗಿ ಅವನು ಅದನ್ನು ಬರೆದ. ಫ್ರಾನ್ಸಿನ ನಿಯೆಪ್ಸ್ ತನ್ನ ಕಿಟಕಿಯಾಚೆಯ ನೋಟವನ್ನು ಲೋಹದ ಹಾಳೆಯ ಮೇಲೆ ಹಿಡಿದದ್ದು 1826-27ರ ಸುಮಾರಿಗೆ. ಛಾಯಾಚಿತ್ರ ಹುಟ್ಟುವುದಕ್ಕೆ ಮೊದಲೇ ಅದರ ಮೇಲಿನ ಆರೋಪಪಟ್ಟಿ ಸಿದ್ಧವಾಗಿತ್ತು ಎಂಬುದನ್ನು ಸಂಶೋಧಕರು ಗಮನಿಸಬೇಕು.

ಅತಿ ಸೂಕ್ಷ್ಮವಾದದ್ದು ಹಸ್ತದೋಷ. ಸಲಾನ್ ವಲಯದಲ್ಲಿ, ಅಂದರೆ ಛಾಯಾಚಿತ್ರ ಸ್ಪರ್ಧಾ-ಪ್ರದರ್ಶನಗಳ ವಲಯದಲ್ಲಿ, ಇದರ ಹೆಸರು ‘ಹ್ಯಾಂಡ್ ಆಫ್ ಮ್ಯಾನ್’. ನೇಚರ್ ವಿಭಾಗದ ಚಿತ್ರದಲ್ಲಿ ಮನುಷ್ಯ ಮಾಡಿದ್ದೇನೂ ಕಾಣಬಾರದು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಹಕ್ಕಿಗಳಿಗೆ ಇದನ್ನು ಯಾರೂ ತಿಳಿಸಿಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆಂಚಿನ ಮೂಲೆಯೊಂದು ಚಿತ್ರದೊಳಗೆ ಇಣುಕಿದರೆ ಗತಿಯೇನು? ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಎಫ್‌ಐಎಪಿ ಮತ್ತು ಅಮೆರಿಕದ ಛಾಯಾಗ್ರಹಣ ಸಂಘ ಪಿಎಸ್‌ಎ ಒಪ್ಪಿಕೊಂಡಿರುವ ವ್ಯಾಖ್ಯೆಯಲ್ಲಿ ವಿನಾಯಿತಿ ಉಂಟು: ಮನುಷ್ಯ ಬದಲಿಸಿದ ಪರಿಸರಕ್ಕೆ ಹೊಂದಿಕೊಂಡ ಜೀವಿಗಳ ಕಥೆಗೆ ಅದು ಅನಿವಾರ್ಯವಾದರೆ ಇರಬಹುದು. ಅದರ ಹಿಂದಿನ ರೂಪದಲ್ಲಿ ಉದಾಹರಣೆಗೆ ಹೆಸರಿಸಿದ್ದು ಕಣಜದ ಗೂಬೆ ಮತ್ತು ಕೊಕ್ಕರೆ! ಹೀಗೆ ಕೊಕ್ಕರೆ ಪಾಸಾಗುತ್ತಿತ್ತು. ಪಕ್ಕದ ಕೊಂಬೆಯ ಹೆಜ್ಜಾರ್ಲೆಯ ಹಣೆಬರಹ ಆ ದಿನದ ತೀರ್ಪುಗಾರರ ಕೈಯಲ್ಲಿತ್ತು.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ದೋಷ ತೋರಿಸದಿದ್ದರೆ ಕಲಿಯುವುದು ಹೇಗೆ? ಪರೀಕ್ಷಾರ್ಥವಾಗಿ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೇ ಬ್ರೆಸ್ಸೋನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಝಾರ್ ನಿಲ್ದಾಣದ ಹಿಂಬದಿ ತೆಗೆದ, ನಿಂತ ನೀರಿನ ಮೇಲೆ ಜಿಗಿಯುವ ಮನುಷ್ಯನ ಚಿತ್ರವನ್ನು ಸಂಖ್ಯೆ ಹಚ್ಚಿ ಪರದೆಗೆ ಬಿಟ್ಟರೆ ಏನಾದೀತು? ಬೇಲಿಯ ಸಂದಿಯಿಂದ ತೆಗೆದದ್ದು, ಎಡಬದಿಗೆ ಅಡ್ಡ ಬಂದದ್ದನ್ನು ಕತ್ತರಿಸಿದ್ದು. ನಿರೀಕ್ಷಿತ ವಾಕ್ಯ: ‘ಜಿಗಿಯುವವನ ಮುಂದೆ ಜಾಗ ಸಾಲದು. ಮುಖ ಕಾಣಿಸುತ್ತಿಲ್ಲ. ಶಾರ್ಪ್ ಇಲ್ಲ. ಒಳ್ಳೆ ಪ್ರಯತ್ನ.’ ಮೂರೂ ಸತ್ಯವೇ. ಅವನ ಹಿಮ್ಮಡಿ ನೀರಿನಲ್ಲಿನ ತನ್ನ ಪ್ರತಿಬಿಂಬವನ್ನು ಇನ್ನೇನು ಮುಟ್ಟಬೇಕು, ಹಿಂದಿನ ಗೋಡೆಯ ಪೋಸ್ಟರಿನಲ್ಲಿ ನರ್ತಕಿಯೂ ಜಿಗಿಯುತ್ತಿದ್ದಾಳೆ ಎಂಬುದೆಲ್ಲ ಮೂರನೆಯ ಪರಿಚ್ಛೇದದ ಮಾತು.

ದೋಷಜ್ಞರ ಕಣ್ಣಿಗೂ ಮಣ್ಣು ಬೀಳುವುದುಂಟು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಸ್ಪರ್ಧೆಯಲ್ಲಿ 2009ರ ಅಗ್ರ ಪ್ರಶಸ್ತಿ ಗೇಟು ಹಾರುವ ತೋಳದ ಚಿತ್ರಕ್ಕೆ ಸಂದಿತು. ಅದು ಸಾಕಿದ ತೋಳವಿರಬೇಕೆಂದು ತೀರ್ಮಾನಿಸಿ 2010ರಲ್ಲಿ ಪ್ರಶಸ್ತಿ ಹಿಂತೆಗೆದುಕೊಂಡರು. ಛಾಯಾಗ್ರಾಹಕ ಆರೋಪವನ್ನು ಅಲ್ಲಗಳೆದ. 2024ರಲ್ಲಿ ಛಾಯಾಗ್ರಾಹಕ ಮೈಲ್ಸ್ ಆಸ್ಟ್ರೇ ರಾಜಹಂಸದ ಅಸಲಿ ಫೋಟೊವನ್ನು ಬೇರೊಂದು ಸ್ಪರ್ಧೆಯ ಕೃತಕ ಬುದ್ಧಿಮತ್ತೆಯ ವಿಭಾಗಕ್ಕೆ ಕಳಿಸಿ ಬಹುಮಾನ ಪಡೆದು, ತಾನೇ ನಿಜ ಹೇಳಿ ಅನರ್ಹನಾದ. ಅವನ ದೋಷ ಒಂದೇ: ಹಕ್ಕಿ ನಿಜವಾದದ್ದು.

ಸಿದ್ಧಾಂತ: ತೀರ್ಪುಗಾರರನ್ನು ದೂರಿ ಫಲವಿಲ್ಲ. ನೂರಾರು ಚಿತ್ರಗಳು ಸರಿದುಹೋಗುವ ಕತ್ತಲಲ್ಲಿ ಒಂದಕ್ಕೆ ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಕಣ್ಣಿಗೆ ಬೀಳುವುದು ಅಂಚು, ಬಿಳುಪು, ವಾಲಿದ ದಿಗಂತ. ಬೆರಳಿಟ್ಟು ತೋರಿಸಬಹುದಾದ್ದೂ ಅವೇ. ಗುಣಕ್ಕೆ ಸಮಯ ಬೇಕು, ಮಾತೂ ಹುಡುಕಬೇಕು. ಆದ್ದರಿಂದ ಒಬ್ಬರು ಹೇಳಿದ್ದನ್ನು ಅಭಿಪ್ರಾಯವೆಂದೂ, ಒಬ್ಬರನ್ನೊಬ್ಬರು ಅರಿಯದ ಮೂವರು ಅದನ್ನೇ ಹೇಳಿದರೆ ದೋಷವೆಂದೂ ಭಾವಿಸತಕ್ಕದ್ದು. ಒಂದು ಸಲಾನ್‌ನಲ್ಲಿ ಬಿದ್ದ ಚಿತ್ರವನ್ನು ಇನ್ನೊಂದಕ್ಕೆ ಕಳಿಸಲು ಅಡ್ಡಿಯಿಲ್ಲ. ಸ್ಪರ್ಧಿಗಳು ಅಂಚು ಕತ್ತರಿಸುವ ಮುನ್ನ ಮೂಲ ರಾ ಫೈಲನ್ನು ಮಾತ್ರ ಜೋಪಾನವಾಗಿ ಎತ್ತಿಡಬೇಕು: ತೀರ್ಪುಗಾರರು ಬದಲಾದಾಗ ಅದು ಬೇಕು, ಸಂಘಟಕರು ಸಾಕ್ಷಿ ಕೇಳಿದಾಗಲೂ ಬೇಕು.